ನಮ್ಮ ಮನೆಯ ಮೆಟ್ಟಿಲು ಎಣಿಸಿದವರು

ಈವತ್ತು ಬೆಳಿಗ್ಗೆ ಕಿಟಕಿಯ ಬಳಿ ಕೂತು ಅಕ್ಕಿ ಆರಿಸುತ್ತಿದ್ದೆ. ಗಲ್ಲಿಯಲ್ಲಿ, ಬೆನ್ನಿಗೆ ಚೀಲ ಹಾಕಿಕೊಂಡ ಗಡ್ಡದ ಮನುಷ್ಯನೊಬ್ಬ ನಿಂತು ನಮ್ಮ ಕಿಟಕಿಯ ಕಂಬಿಗಳನ್ನು ತೋರುಬೆರಳಿನಿಂದ ಒಂದೊಂದಾಗಿ ಎಣಿಸುತ್ತಿದ್ದ. ಎಣಿಸಿ ಫೋನಿನಲ್ಲಿ ಏನೋ ಒತ್ತಿಕೊಂಡ. ನಾನು ಕಂಡೂ ಕಾಣದವಳಂತೆ ತಲೆ ತಗ್ಗಿಸಿ, ಮೊರದಲ್ಲಿ ಇಲ್ಲದ ಕಲ್ಲುಗಳನ್ನು ಹುಡುಕಿದೆ. ನನ್ನನ್ನು ಬಲ್ಲವರಿಗೆ ಇದು ಎಂಥ ತಪಸ್ಸು ಎಂದು ಗೊತ್ತಾಗುತ್ತದೆ. ಎರಡು ವರ್ಷದ ಹಿಂದಾಗಿದ್ದರೆ ಆ ಮನುಷ್ಯನ ಹೆಸರು, ಊರು, ತಂದೆಯ ಹೆಸರು, ಕಂಬಿ ಎಣಿಸಿದ ಕಾರಣ ಎಲ್ಲವನ್ನೂ ಕೇಳಿ, ಉತ್ತರ ಸಮರ್ಪಕವಾಗಿಲ್ಲವೆಂದು ಇನ್ನೊಂದು ಸಲ ಕೇಳುತ್ತಿದ್ದೆ.

ಸಂಶಯ ನನಗೆ ಹುಟ್ಟುಗುಣ. ಸಕ್ಕರೆ ಕಾಯಿಲೆಯ ಹಾಗೆ ತಂದೆಯ ಕಡೆಯಿಂದ ಬಂದದ್ದು. ಅಪ್ಪ ಬಾಗಲಕೋಟೆ ಕಡೆಯವರು. ಕಾಶಿಗೆ ಬಂದು ಇಲ್ಲಿನ ನಮ್ಮವರ ಮಠದಲ್ಲಿ ಉಗ್ರಾಣ ನೋಡಿಕೊಂಡಿದ್ದರು. ಉಗ್ರಾಣದ ಬೀಗ ಹಾಕಿದ ಮೇಲೆ ಅದನ್ನು ಮೂರು ಸಲ ಜಗ್ಗಿ, ಹತ್ತು ಹೆಜ್ಜೆ ನಡೆದುಹೋಗಿ, ಮತ್ತೆ ವಾಪಸು ಬಂದು ನಾಲ್ಕನೇ ಸಲ ಜಗ್ಗುವುದು ಅವರ ಪದ್ಧತಿ. ಬೀಗದ ಮೇಲಿನ ಅಪನಂಬಿಕೆ ಅದಲ್ಲ, ತಾನು ಜಗ್ಗಿದ್ದರ ಮೇಲಿನ ಅಪನಂಬಿಕೆ. ಅವರ ತಂಗಿ ನೀಲವ್ವತ್ತೆ ಅವರಿಗಿಂತ ಒಂದು ಕೈ ಮೇಲು. ಕಾಶಿಯ ಶಿವಾಲಾ ಬಡಾವಣೆಯ ಇದೇ ಮನೆಯಲ್ಲಿ, ಅಂಗಳದ ಬಲಗಡೆಯ ಕೋಣೆಯಲ್ಲಿ ಅಡಿಗೆ ಸಾಮಾನು ಇಡುತ್ತಿದ್ದರು. ಕೋಣೆಗೆ ಬಾಗಿಲಿತ್ತು, ಚಿಲಕ ಸರಿಯಿರಲಿಲ್ಲ. ಅತ್ತೆ ಚಿಲಕ ರಿಪೇರಿ ಮಾಡಿಸಲಿಲ್ಲ. ಮಧ್ಯಾಹ್ನ ಮಲಗುವ ಮೊದಲು ಬಾಗಿಲ ಮುಂದೆ ರಂಗೋಲಿ ಪುಡಿಯನ್ನು ತೆಳ್ಳಗೆ ಉದುರಿಸಿಬಿಡುತ್ತಿದ್ದಳು.

ನನಗಾಗ ಏಳು ವರ್ಷ. ಒಳಗೆ ಬೇಸನ್ ಉಂಡಿಯ ಡಬ್ಬಿ ಇತ್ತು. ಪುಡಿಯ ಮೇಲೆ ಹೆಜ್ಜೆ ಮೂಡುತ್ತದೆಂದು ನನಗೂ ಗೊತ್ತಿತ್ತು. ಅದಕ್ಕೇ ಬಹಳ ಯೋಚನೆ ಮಾಡಿ, ಬೆರಳು ಮೇಲೆತ್ತಿ, ಬರೀ ಹಿಮ್ಮಡಿಯ ಮೇಲೆ ನಡೆದು ಹೋಗಿಬಂದೆ. ಸಂಜೆ ಅತ್ತೆ ಮನೆಯವರನ್ನೆಲ್ಲ ಅಂಗಳಕ್ಕೆ ಕರೆದು ಕೇಳಿದಳು, "ನಮ್ಮ ಮನ್ಯಾಗ ಬೆರಳಿಲ್ಲದ ಕಳ್ಳರು ಯಾರದಾರವ್ವಾ?" ಆಮೇಲೆ ಎಲ್ಲರ ಮುಖ ಬಿಟ್ಟು ನನ್ನ ಕಾಲನ್ನೇ ನೋಡಿದಳು. ಹಿಮ್ಮಡಿ ಬೆಳ್ಳಗಿತ್ತು.

ಇಂಥ ಮನೆಯಲ್ಲಿ ಬೆಳೆದವಳು ಮುಂದೆ ಗಣಿತದ ಟೀಚರಾದರೆ ಏನಾಗಬೇಕೋ ಅದೇ ಆಯಿತು. ಹೆಣ್ಣುಮಕ್ಕಳ ಹಿಂದಿ ಶಾಲೆಯೊಂದರಲ್ಲಿ ಮೂವತ್ತು ವರ್ಷ ಪಾಠ ಮಾಡಿದೆ. ಮಕ್ಕಳು ನನ್ನ ಬೆನ್ನ ಹಿಂದೆ 'ಸಿಐಡಿ ಬಹನ್‌ಜೀ' ಅನ್ನುತ್ತಿದ್ದರು. ನಕಲು ಹಿಡಿಯಲು ನನ್ನದೊಂದು ಸೂತ್ರವಿತ್ತು. ಇಬ್ಬರಿಗೆ ಒಂದೇ ಸರಿ ಉತ್ತರ ಬಂದರೆ ಸಂತೋಷ, ಬರಲಿ. ಇಬ್ಬರಿಗೆ ಒಂದೇ ತಪ್ಪು ಉತ್ತರ ಬಂದರೆ ಮಾತ್ರ ಎಬ್ಬಿಸಿ ನಿಲ್ಲಿಸಬೇಕು. ತಪ್ಪು ಮಾಡಲು ನೂರು ದಾರಿ ಇರುವಾಗ ಇಬ್ಬರೂ ಒಂದೇ ದಾರಿ ಹಿಡಿದರು ಅಂದರೆ ಆ ದಾರಿಯಲ್ಲಿ ಏನೋ ಇದೆ ಅಂತಲೇ. ಈ ಸೂತ್ರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ನನಗೇ ಅದು ತಕ್ಕ ಹೊತ್ತಿಗೆ ನೆನಪಾಗಲಿಲ್ಲ ಎನ್ನುವುದೇ ಈ ಕಥೆ.

ನೀಲವ್ವತ್ತೆಯ ಸಾಮಾನಿನ ಕೋಣೆಯನ್ನು ನಾವು ಈಗ ಬಾಡಿಗೆಗೆ ಕೊಡುತ್ತೇವೆ. ಊರಕಡೆಯಿಂದ ಕೊನೆಗಾಲ ಕಳೆಯಲು ಬರುವ ಹಿರಿಯರು ಮಠಕ್ಕೆ ಬಂದು ವಿಚಾರಿಸುತ್ತಾರೆ, ಮಠದವರು ನಮ್ಮ ಮನೆಯ ದಾರಿ ತೋರಿಸುತ್ತಾರೆ. ಹಾಗೆ ಬಂದವರೇ ಚನ್ನಬಸಪ್ಪ ಮಾಸ್ತರು. ವಯಸ್ಸು ಎಪ್ಪತ್ತರ ಮೇಲೆ. ಎಡಗಾಲಿನ ಮಂಡಿ ಸರಿಯಿಲ್ಲ, ಪಾದ ಸ್ವಲ್ಪ ಹೊರಕ್ಕೆ ತಿರುಗಿದೆ. ನಮ್ಮ ಕೋಣೆಯನ್ನೇ ಬೇಕೆಂದು ಕೇಳಿದ್ದು ಮಂಡಿಯ ಕಾರಣಕ್ಕೆ. ಮಠ ಇರುವುದು ಪೇಟೆಯ ಒಳಗೆ, ಹೊಳೆಯಿಂದ ದೂರ. ನಮ್ಮ ಬಾಗಿಲಿಂದ ಗಂಗೆಯ ಘಾಟಿಗೆ ಹೆಚ್ಚೆಂದರೆ ಐದು ನಿಮಿಷ.

"ದಿನಾ ಗಂಗಿ ನೋಡಿದ್ರ ಸಾಕ್ರಿ ಅಕ್ಕಾರ. ಮತ್ತೇನೂ ಬ್ಯಾಡ ನನಗ," ಅಂದಿದ್ದರು ಬಂದ ದಿನ.

ಮತ್ತೇನೂ ಬೇಡ ಅನ್ನುವವರನ್ನು ಕಂಡರೆ ನನಗೆ ಆಗಲೇ ಒಂದು ಬಗೆಯ ಗುಮಾನಿ. ಆದರೂ ಸುಮ್ಮನಿದ್ದೆ. ಮೊದಲ ಮೂರು ತಿಂಗಳು ಅವರೂ ಸುಮ್ಮನಿದ್ದರು. ಆಮೇಲೊಂದು ದಿನ ನಾನು ತರಕಾರಿ ತೆಗೆದುಕೊಂಡು ಬರುವಾಗ ನೋಡುತ್ತೇನೆ, ಮಾಸ್ತರು ನಮ್ಮ ಮೆಟ್ಟಿಲ ಕೆಳಗೆ ನಿಂತು ತುಟಿಯಲ್ಲೇ ಲೆಕ್ಕ ಹಾಕುತ್ತಿದ್ದಾರೆ. ಮರುದಿನ ಕಿಟಕಿಯ ಕಂಬಿಗಳ ಹತ್ತಿರ ಇದ್ದರು. ಅದರ ಮರುದಿನ ಬಾಗಿಲ ಮೇಲಿನ ಕೆತ್ತನೆಯ ಹೂವನ್ನು ಕನ್ನಡಕ ಏರಿಸಿ ನೋಡುತ್ತಿದ್ದರು. ನಾಲ್ಕನೇ ದಿನ ಅವರ ಕೈಯಲ್ಲಿ ಟೇಪು ಬಂತು.

"ಅರೆ ಮಾಸ್ತರ, ಏನ್ ನಾಪ್ ತಗೊಳ್ಳಾಕತ್ತೀರಿ?" ಅಂತ ಕೇಳಿಯೇಬಿಟ್ಟೆ.

"ಏನಿಲ್ರಿ ಅಕ್ಕಾರ, ಸುಮ್ನ," ಅಂದವರೇ ಟೇಪನ್ನು ಜೇಬಿಗೆ ಇಳಿಬಿಟ್ಟರು.

ಸುಮ್ಮನೆ! ಕಾಶಿಯ ಹಳೆಯ ಗಲ್ಲಿಗಳಲ್ಲಿ ಯಾರೂ ಸುಮ್ಮನೆ ಟೇಪು ಹಿಡಿಯುವುದಿಲ್ಲ. ನಮ್ಮ ಹಿಂದಿನ ಗಲ್ಲಿಯ ಮನೆಯೊಂದಕ್ಕೆ ಇಂಥ ಒಬ್ಬ ಸಾಧು ಮುಖದ ಮನುಷ್ಯ ಟೇಪು ಹಿಡಿದು ಬಂದ, ವರ್ಷ ತುಂಬುವುದರೊಳಗೆ ಅದು ಹೋಟೆಲಾಯಿತು. ಆ ಮನೆಯ ಮುದುಕಿ ಈಗ ಕಂಟೋನ್ಮೆಂಟಿನ ಆಚೆ ಮಗಳ ಮನೆಯಲ್ಲಿ ಗಂಗೆ ಕಾಣದೆ ಕೂತಿದ್ದಾಳೆ. ನಮ್ಮ ಯಜಮಾನರಿಗೆ ಹೇಳಿದೆ. ಅವರು ರೈಲ್ವೆಯಲ್ಲಿದ್ದು ನಿವೃತ್ತರಾದವರು. ಹೊರಟ ರೈಲು ಮುಟ್ಟಿಯೇ ಮುಟ್ಟುತ್ತದೆ ಎಂದು ನಂಬಿದ ಜನ. "ಮಾಸ್ತರ ಮನುಷ್ಯ, ಎಣಿಸ್ತಾನ. ಎಣಿಸಿದ್ರ ಮೆಟ್ಟಿಲು ಸವಿತಾವೇನು?" ಅಂದು ಪೇಪರು ಮಗುಚಿದರು.

ಆದರೆ ಅಲ್ಲಿಗೆ ಮುಗಿಯಲಿಲ್ಲ. ಗಲ್ಲಿಗೆ ಅಪರಿಚಿತರು ಬರತೊಡಗಿದರು. ಇಬ್ಬರು, ಒಬ್ಬರು, ಒಮ್ಮೆ ಒಬ್ಬ ವಿದೇಶಿ ಹೆಂಗಸು. ಎಲ್ಲರ ಕೈಯಲ್ಲೂ ಫೋನು. ಎಲ್ಲರೂ ನಮ್ಮ ಮನೆಯ ಮುಂದೆ ನಿಂತು ಮೇಲೆ ಕೆಳಗೆ ನೋಡುವುದು, ಬರೆದುಕೊಳ್ಳುವುದು, ಆಮೇಲೆ ಗಲ್ಲಿಯ ಮೊದಲಿಗೆ ಹೋಗಿ, ಅಲ್ಲಿಂದ ಕಾಲಳತೆ ಮಾಡುತ್ತಾ ಬಂದು, ನಮ್ಮ ಮನೆ ದಾಟಿ, ಪಕ್ಕದ ಹಾಲಿನವನ ಎಮ್ಮೆಯ ಹತ್ತಿರ ನಿಂತುಬಿಡುವುದು! ಹಾಲಿನವ ನನ್ನ ಹತ್ತಿರ ದೂರು ತಂದ. "ಭಾಭೀಜಿ, ಬಂದವರೆಲ್ಲ ನನ್ನ ಎಮ್ಮೆಯ ಕಾಲಬುಡ ನೋಡ್ತಾರೆ, ಗೋಡೆ ಕೆರೀತಾರೆ, ಹೋಗ್ತಾರೆ. ಎಮ್ಮೆ ಹಾಲು ಕಡಿಮೆ ಮಾಡಿದೆ," ಅಂದ. ನನ್ನ ಮನಸ್ಸಿನಲ್ಲಿ ಎಲ್ಲ ಕೂಡಿಕೊಂಡಿತು. ನಮ್ಮ ಮನೆ, ಅವನ ಕೊಟ್ಟಿಗೆ, ಎರಡನ್ನೂ ಸೇರಿಸಿ ಯಾರೋ ಕೊಳ್ಳುವ ಹಂಚಿಕೆ ಹಾಕಿದ್ದಾರೆ. ಒಳಗಿನ ಸುದ್ದಿ ಕೊಡಲು ಮಾಸ್ತರನ್ನು ನೆಟ್ಟಿದ್ದಾರೆ.

ಒಂದು ಸಂಜೆ ಅವರ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದೆ. "ಮಾಸ್ತರ, ಅಮಾಸಿ ಒಳಗ ಕೋಣಿ ಬಿಡಬೇಕಾಗ್ತದ. ನಮ್ಮವರು ಬರೋರಿದಾರ."

ಬರುವವರು ಯಾರೂ ಇರಲಿಲ್ಲ. ಮಾಸ್ತರು ಏನಾದರೂ ಕೇಳುತ್ತಾರೆಂದು ಕಾದೆ. ಜಗಳವಾಡಿದರೆ ನನ್ನ ಸಂಶಯ ಗಟ್ಟಿಯಾಗುತ್ತದೆ, ಆಡದಿದ್ದರೂ ಗಟ್ಟಿಯಾಗುತ್ತದೆ, ನಾನು ಎರಡಕ್ಕೂ ತಯಾರಿದ್ದೆ. ಅವರು ನನ್ನ ಮುಖ ನೋಡಿ, "ಆಗಲ್ರಿ ಅಕ್ಕಾರ," ಅಂದರು ಅಷ್ಟೇ. ಅಮಾವಾಸ್ಯೆಗೆ ಇನ್ನೂ ಆರು ದಿನವಿರುವಾಗಲೇ ಟ್ರಂಕನ್ನು ಸೈಕಲ್ ರಿಕ್ಷಾದಲ್ಲಿ ಇಟ್ಟು ಮಠಕ್ಕೆ ಹೋದರು. ಹೋಗುವಾಗ ಬೀಗದ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಅದೂ ನನಗೆ ನಾಟಕ ಅನ್ನಿಸಿತು.

ವಾರ ಕಳೆಯಿತು. ಮಧ್ಯಾಹ್ನ ಊಟವಾದ ಮೇಲೆ ಬಾಗಿಲ ಹತ್ತಿರ ಸದ್ದಾಯಿತು. ಹೋಗಿ ನೋಡಿದರೆ ಇಬ್ಬರು ಹುಡುಗಿಯರು ನಮ್ಮ ಮೆಟ್ಟಿಲು ಹತ್ತುತ್ತಾ "ಪಾಂಚ್, ಛೇ, ಸಾತ್" ಎಂದು ಎಣಿಸುತ್ತಿದ್ದಾರೆ. ಮುಂದಿದ್ದವಳು "ಆಠ್" ಎಂದು ಎಂಟನೆಯದಾಗಿ ನಮ್ಮ ಹೊಸ್ತಿಲ ಮೇಲೆಯೇ ಕಾಲಿಟ್ಟು ನಿಂತಳು!

ಗಂಗೆಯ ಪ್ರವಾಹಕ್ಕೆ ಹೆದರಿ ಅಪ್ಪ ಹಾಕಿಸಿದ ಹೊಸ್ತಿಲು ಅದು. ಒಂದೇ ಕಲ್ಲಿನದು, ಮೆಟ್ಟಿಲಿನಷ್ಟೇ ಎತ್ತರ. ದಿನಾ ಅರಿಸಿನ ಕುಂಕುಮ ಹಚ್ಚುತ್ತೇನೆ. ನಾನು ಕಿರುಚಿದ ರೀತಿಗೆ ಆ ಹುಡುಗಿ ಮೂರು ಮೆಟ್ಟಿಲು ಒಟ್ಟಿಗೆ ಇಳಿದಳು. "ಆಂಟಿ, ಹಮ್ ಚೋರ್ ನಹೀಂ ಹೈಂ," ಅಂದಳು ಇನ್ನೊಬ್ಬಳು, ತಾವು ಕಳ್ಳರಲ್ಲವೆಂದು, ಅಳುವ ಹಾಗೆ. ಇಲ್ಲಿನ ವಿಶ್ವವಿದ್ಯಾಲಯದ ಪಕ್ಕದ ಲಂಕಾ ಪೇಟೆಯ ಹಾಸ್ಟೆಲಿನವರಂತೆ, ಎಂ.ಎಸ್ಸಿ. ಓದುತ್ತಾರಂತೆ. ವಿಚಾರಣೆ ಮಾಡಿದೆ. ನನ್ನ ವಿಚಾರಣೆ ಯಾವತ್ತೂ ಅರ್ಧಕ್ಕೆ ನಿಂತದ್ದಿಲ್ಲ, ಫೋನು ತೆಗೆದು ತೋರಿಸಿದರು.

ಅದೊಂದು ಆಟ. ಹೆಸರು ಜಿಯೋಕ್ಯಾಶಿಂಗ್. ಯಾರೋ ಒಬ್ಬರು ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು, ಅದರ ಜಾಡನ್ನು ಇಂಟರ್‌ನೆಟ್ಟಿನಲ್ಲಿ ಹಾಕುತ್ತಾರೆ. ಯಾರು ಬೇಕಾದರೂ ಹುಡುಕಬಹುದು. ಡಬ್ಬಿಯಲ್ಲಿ ಒಂದು ಡೈರಿ ಇರುತ್ತದೆ, ಸಿಕ್ಕವರು ಅದರಲ್ಲಿ ಹೆಸರು ಬರೆದು ಮತ್ತೆ ಅಲ್ಲೇ ಇಟ್ಟುಬರಬೇಕು. ಆಟದ ಹೊರಗಿನವರಿಗೆ ಡಬ್ಬಿಯ ಗುಟ್ಟು ಬಿಟ್ಟುಕೊಡಬಾರದು. ನಮ್ಮ ಗಲ್ಲಿಯಲ್ಲಿ ಎತ್ತರದ ಮನೆಗಳ ನಡುವೆ ಫೋನಿನ ನಕ್ಷೆ ತಬ್ಬಿಬ್ಬಾಗುತ್ತದೆಂದು, ಇಟ್ಟವರು ಲೆಕ್ಕದ ಒಗಟು ಕೊಟ್ಟಿದ್ದರು. ನೀಲಿ ಬಾಗಿಲ ಮನೆಯ, ಅಂದರೆ ನಮ್ಮದೇ ಮನೆಯ, ಮೆಟ್ಟಿಲುಗಳನ್ನು ಕಿಟಕಿಯ ಕಂಬಿಗಳಿಂದ ಗುಣಿಸಿ, ಬಾಗಿಲ ಮೇಲಿನ ಹೂವಿನ ಎಸಳುಗಳನ್ನು ಕೂಡಿಸಿ. ಗಲ್ಲಿಯ ಮೊದಲ ಅರಳಿಕಟ್ಟೆಯಿಂದ ಗಂಗೆಯ ಕಡೆಗೆ ಅಷ್ಟು ಹೆಜ್ಜೆ ನಡೆಯಿರಿ. ಹೆಜ್ಜೆ ಎಂದರೆ ಎರಡೂವರೆ ಅಡಿ. ಅಳತೆಯನ್ನು ಹೀಗೆ ಖಚಿತವಾಗಿ ಕೊಟ್ಟದ್ದು ನೋಡಿ, ಪ್ರಶ್ನೆ ತೆಗೆದದ್ದು ಪಾಠ ಹೇಳಿ ಪಳಗಿದ ಕೈ ಎಂದುಕೊಂಡೆ. ಇಟ್ಟವರ ಹೆಸರಿನ ಜಾಗದಲ್ಲಿ 'ರಿಟೈರ್ಡ್' ಎಂದಷ್ಟೇ ಇತ್ತು.

"ಎಂಟೊಂಬತ್ತಲೆ ಎಪ್ಪತ್ತೆರಡು, ಹನ್ನೆರಡು ಕೂಡಿಸಿದರೆ ಎಂಬತ್ತನಾಲ್ಕು. ಎಂಬತ್ತನಾಲ್ಕು ಹೆಜ್ಜೆ ನಡೆದರೆ ಎಮ್ಮೆ ಬರುತ್ತದೆ, ಆಂಟಿ. ಎರಡನೇ ಸಲ ಬಂದಿದ್ದೇವೆ," ಅಂದಳು ಆ ಹುಡುಗಿ.

ಬಂದವರೆಲ್ಲ ಎಮ್ಮೆಯ ಹತ್ತಿರವೇ ನಿಲ್ಲುತ್ತಾರೆ. ಎಲ್ಲರಿಗೂ ಒಂದೇ ತಪ್ಪು ಉತ್ತರ! ಮೂವತ್ತು ವರ್ಷದ ಸೂತ್ರ ಆಗ ನನ್ನ ತಲೆಯೊಳಗೆ ಎದ್ದು ನಿಂತಿತು. ಎಲ್ಲರೂ ಒಂದೇ ಕಡೆ ಎಡವುತ್ತಿದ್ದಾರೆ ಅಂದರೆ ಆ ಕಡೆ ಏನೋ ಇದೆ. ಕಂಬಿ ಒಂಬತ್ತು, ಎಸಳು ಹನ್ನೆರಡು, ಅದರಲ್ಲಿ ತಪ್ಪುವ ಹಾಗಿಲ್ಲ. ಹುಡುಗಿ ನಿಂತಿದ್ದ ಹೊಸ್ತಿಲನ್ನು ನೋಡಿದೆ. ಕುಂಕುಮದ ಮೇಲೆ ಅವಳ ಬೆರಳಿನ ಗುರುತಿತ್ತು.

ನಮ್ಮಲ್ಲಿ ಹೊಸ್ತಿಲನ್ನು ಯಾರಾದರೂ ಮೆಟ್ಟಿಲೆಂದು ಎಣಿಸುತ್ತಾರೆಯೇ? ಅದು ತುಳಿಯುವುದಲ್ಲ, ದಾಟುವುದು. ಪ್ರಶ್ನೆ ತೆಗೆದವರ ಲೆಕ್ಕದಲ್ಲಿ ಮೆಟ್ಟಿಲು ಏಳೇ. ಏಳೊಂಬತ್ತಲೆ ಅರವತ್ತಮೂರು, ಹನ್ನೆರಡು ಸೇರಿದರೆ ಎಪ್ಪತ್ತೈದು. ಆ ಮನುಷ್ಯನಿಗೆ ಹೊಸ್ತಿಲು ಎಣಿಸಬೇಕೆಂಬ ಯೋಚನೆ ಕನಸಿನಲ್ಲೂ ಬಂದಿಲ್ಲ, ಅದಕ್ಕೇ ಪ್ರಶ್ನೆಯಲ್ಲಿ ಆ ಮಾತೇ ಇಲ್ಲ. ದಿನಾ ಈ ಹೊಸ್ತಿಲನ್ನು, ಧೋತರ ಎತ್ತಿ ಹಿಡಿದು, ನೋಯುವ ಮಂಡಿಯನ್ನು ಅಷ್ಟೆತ್ತರ ಎತ್ತಿ, ಒಮ್ಮೆಯೂ ತುಳಿಯದೆ ದಾಟುತ್ತಿದ್ದವರು ಯಾರೆಂದು ನನಗೆ ಗೊತ್ತಿತ್ತು.

ಹುಡುಗಿಯರಿಗೆ ಏನೂ ಹೇಳದೆ, ಇನ್ನೊಂದು ದಿನ ಬನ್ನಿ ಎಂದು ಕಳಿಸಿದೆ. ನಂಬಿಕೆ ಬಂದಿತ್ತೆಂದಲ್ಲ. ಡಬ್ಬಿಯೊಳಗೆ ಏನಿದೆಯೋ ಎಂಬ ಸಂಶಯ ಇನ್ನೂ ಇತ್ತು. ಯಜಮಾನರ ಟೇಪು ತೆಗೆದುಕೊಂಡು ಬಿಸಿಲಲ್ಲಿ ಗಲ್ಲಿಯ ಮೊದಲಿಗೆ ಹೋದೆ. "ಎಲ್ಲಿಗೆ?" ಎಂದು ಹೊರಡುವಾಗ ಯಜಮಾನರು ಕೇಳಿದ್ದಕ್ಕೆ, "ಕಿವಿಯೋಲೆ ಬಿದ್ದದ," ಅಂದೆ. "ಎರಡೂ ಕಿವ್ಯಾಗ ಅದಾವಲ್ಲ," ಅಂದರು. ಅರಳಿಕಟ್ಟೆಯಿಂದ ಟೇಪು ಹಾಸುತ್ತಾ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ ಬಗ್ಗಿ ಬರುತ್ತಿದ್ದರೆ ಹಾಲಿನವ ಎಮ್ಮೆಯ ಪಕ್ಕದಿಂದ ಎದ್ದು ನಿಂತು ನೋಡಿದ. "ಭಾಭೀಜಿ, ಆಪ್ ಭೀ?" ಅಂದ, ನೀವೂನಾ ಎನ್ನುವಂತೆ. ಆ ದನಿಯನ್ನು ನಾನು ಚೆನ್ನಾಗಿ ಬಲ್ಲೆ. ಅದು ನನ್ನದೇ ದನಿ. ಇಷ್ಟು ವರ್ಷ ಇನ್ನೊಬ್ಬರ ಕಿವಿಗೆ ಅದು ಹೇಗೆ ಕೇಳಿಸುತ್ತಿತ್ತೋ ಆ ದಿನ ಗೊತ್ತಾಯಿತು.

ಎಪ್ಪತ್ತೈದನೇ ಹೆಜ್ಜೆ ನಮ್ಮ ಮೆಟ್ಟಿಲ ಬುಡದಲ್ಲೇ ಮುಗಿಯಿತು. ಮೆಟ್ಟಿಲ ಕೆಳಗಿನ ಪೊಳ್ಳಿನಲ್ಲಿ ನಾವು ಚಪ್ಪಲಿ ಬಿಡುತ್ತೇವೆ. ಅದರ ಒಳಗೋಡೆಯಲ್ಲಿ ಒಂದು ಇಟ್ಟಿಗೆ ಸಡಿಲವಾಗಿತ್ತು. ಊರೆಲ್ಲ ಸಂಶಯಪಟ್ಟವಳು ನನ್ನ ಚಪ್ಪಲಿಯ ಮೇಲಿನ ಇಟ್ಟಿಗೆಯನ್ನು ಒಮ್ಮೆಯೂ ನೋಡಿರಲಿಲ್ಲ. ಹಿಂದೆ ಹಸಿರು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಇತ್ತು. ಒಳಗೆ ಒಂದು ರುದ್ರಾಕ್ಷಿ, ಎರಡು ಚಾಕೊಲೇಟು, ಒಂದು ಸಣ್ಣ ಡೈರಿ.

ಮೊದಲ ಪುಟದಲ್ಲಿ ದುಂಡಗಿನ ಕನ್ನಡ ಅಕ್ಷರ. "ಮೂವತ್ತಾರು ವರ್ಷ ಪ್ರಶ್ನೆಪತ್ರಿಕೆ ತೆಗೆದೆ. ಕೈ ಸುಮ್ಮನಿರುವುದಿಲ್ಲ. ಘಾಟಿನಲ್ಲಿ ಒಬ್ಬ ಜರ್ಮನ್ ಹುಡುಗ ಈ ಆಟ ಹೇಳಿಕೊಟ್ಟ. ಅಕ್ಕನವರ ಮನೆ ಹತ್ತುವಾಗ ಈ ಲೆಕ್ಕ ಹೊಳೆಯಿತು." ಎಮ್ಮೆಯನ್ನು ಬಿಟ್ಟು ಸರಿ ಉತ್ತರಕ್ಕೆ ಬಂದವರು ನಾಲ್ಕೇ ಮಂದಿ. ಪ್ರತಿ ಹೆಸರಿನ ಪಕ್ಕದಲ್ಲೂ ಕೆಂಪು ಪೆನ್ನಿನಿಂದ ಹತ್ತಕ್ಕೆ ಹತ್ತು, ಕೆಳಗೆ ಸಹಿ. ಆ ನಾಲ್ಕು ಕೆಂಪು ಗುರುತಿಗಾಗಿ ಮಾಸ್ತರು ದಿನಾ ಬಗ್ಗಿ ನೋಡುತ್ತಿದ್ದರು. ಕೊನೆಯ ಬರಹ ಎರಡು ದಿನದ ಹಿಂದಿನದು. ಮಠದಿಂದ ಅಷ್ಟು ದೂರ ಬಂದಿದ್ದಾರೆ, ನನಗೆ ಕಾಣಿಸಿಕೊಳ್ಳದೆ ಹೋಗಿದ್ದಾರೆ. "ಮನೆಯವರಿಗೆ ಕೇಳದೆ ಇಟ್ಟದ್ದು ನನ್ನ ತಪ್ಪು. ಅವರಿಗೆ ತ್ರಾಸಾಗಿದೆ. ಸೋಮವಾರ ಬಂದು ಡಬ್ಬಿ ತೆಗೆಯುತ್ತೇನೆ. ಈ ಪ್ರಶ್ನೆ ಇಲ್ಲಿಗೆ ಮುಗಿಯಿತು."

ಚಪ್ಪಲಿಗಳ ನಡುವೆ ಕೂತು ನಾಚಿಕೆಯಿಂದ ಅತ್ತುಬಿಟ್ಟೆ. ಕೇಳದೆ ಇಟ್ಟದ್ದು ತಪ್ಪೇ, ಒಪ್ಪಿದೆ. ಆದರೆ ಗಂಗೆ ಕಾಣುವುದಕ್ಕಾಗಿಯೇ ಕಾಶಿಗೆ ಬಂದವರನ್ನು ನಾನು ಗಂಗೆಯಿಂದ ಎಬ್ಬಿಸಿ ಕಳಿಸಿದ್ದೆ. ಆ ಮಂಡಿಯಲ್ಲಿ ಮಠದಿಂದ ದಿನಾ ಘಾಟಿಗೆ ಹೋಗಿಬರಲಾದೀತೇ?

ನೆಟ್ಟಗೆ ಮಠಕ್ಕೆ ಹೋಗಿ ತಪ್ಪಾಯಿತು ಅನ್ನಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಮೂವತ್ತು ವರ್ಷ ಬೇರೆಯವರ ಬಾಯಿಂದ ತಪ್ಪೊಪ್ಪಿಗೆ ಹೊರಡಿಸಿದವಳಿಗೆ ತನ್ನ ಬಾಯಿಂದ ಹೊರಡಿಸುವ ಅಭ್ಯಾಸ ಇರುವುದಿಲ್ಲ. ಎರಡು ಸಲ ಚಪ್ಪಲಿ ಮೆಟ್ಟಿ ಎರಡು ಸಲ ಬಿಚ್ಚಿದೆ. ಕೊನೆಗೆ ಆ ಡೈರಿಯಲ್ಲೇ ಬರೆದೆ. "ಉತ್ತರ: ಎಪ್ಪತ್ತೈದು. ಹೊಸ್ತಿಲು ಮೆಟ್ಟಿಲಲ್ಲ. ಕೋಣೆ ಖಾಲಿ ಇದೆ, ಬರುವವರು ಯಾರೂ ಇಲ್ಲ. ಗಿರಿಜಾ." ಡಬ್ಬಿಯಲ್ಲಿ ಕೋಣೆಯ ಬೀಗದ ಕೈ ಇಟ್ಟೆ.

ಇನ್ನೊಂದು ಕೆಲಸವನ್ನೂ ಮಾಡಿದೆ, ಹೇಳಲು ಸಂಕೋಚ. ಸೋಮವಾರ ಬೆಳಿಗ್ಗೆ, ಬಂದವರು ಮಾಸ್ತರೋ ಬೇರೆ ಯಾರೋ ಎಂದು ತಿಳಿಯಬೇಕಲ್ಲ ಎಂದು ಚಪ್ಪಲಿ ಬಿಡುವ ಕಲ್ಲಿನ ಮೇಲೆ ರಂಗೋಲಿ ಪುಡಿ ಉದುರಿಸಿದೆ. ಅತ್ತೆಯ ಹಾಗೆ ತೆಳ್ಳಗೆ ಉದುರಿಸಲು ಹೋಗಿ, ಗಾಬರಿಯಲ್ಲಿ ಒಂದು ಬೊಗಸೆಯನ್ನೇ ಸುರಿದುಬಿಟ್ಟೆ. ಆಮೇಲೆ ಎದುರಾಗುವ ಧೈರ್ಯ ಸಾಲದೆ, ಬೇಡದ ಪುಸ್ತಕ ಕೊಳ್ಳುವ ನೆವದಲ್ಲಿ ಲಂಕಾಗೆ ಹೋಗಿ ಮೂರು ತಾಸು ಅಂಗಡಿ ಅಂಗಡಿ ಸುತ್ತಿದೆ.

ವಾಪಸು ಬಂದಾಗ ಕಲ್ಲಿನ ಮೇಲೆ ಹೆಜ್ಜೆಗಳಿದ್ದವು. ಎಡಪಾದ ಹೊರಕ್ಕೆ ತಿರುಗಿತ್ತು. ಬೆರಳು, ಹಿಮ್ಮಡಿ ಎಲ್ಲ ಪೂರ್ತಿಯಾಗಿ ಊರಿ ನಡೆದ ಹೆಜ್ಜೆ. ಮೆಟ್ಟಿಲು ಹತ್ತಿದ್ದವು, ಒಂದರಿಂದ ಏಳು. ಹೊಸ್ತಿಲ ಮೇಲೆ ಪುಡಿಯ ಒಂದು ಕಣವೂ ಇರಲಿಲ್ಲ. ಅದರಾಚೆ ಅಂಗಳದಲ್ಲಿ ಮತ್ತೆ ಬೆಳ್ಳಗೆ ಮೂಡಿ, ಬಲಕ್ಕೆ ಹೊರಳಿ, ನಾನು ಏಳು ವರ್ಷದವಳಿದ್ದಾಗ ಹಿಮ್ಮಡಿಯಲ್ಲಿ ನಡೆದು ಸಿಕ್ಕಿಬಿದ್ದ ಅದೇ ಬಾಗಿಲೊಳಗೆ ಹೋಗಿದ್ದವು.

ಒಳಗೆ ಮಾಸ್ತರು ಹಾಸಿಗೆಯಿಲ್ಲದ ಮಂಚದ ಮೇಲೆ ಕೂತಿದ್ದರು. ಕೀ ಮಡಿಲಲ್ಲಿತ್ತು.

"ಚಾ ತಗೋತೀರೇನ್ರಿ ಮಾಸ್ತರ?" ಅಂದೆ.

"ತಗೋತೀನ್ರಿ ಅಕ್ಕಾರ. ಸಕ್ಕರಿ ಕಡಿಮಿ ಇರಲಿ," ಅಂದರು.

ಚಹಾ ಕುಡಿದು, ಮುಖ ತೊಳೆದು, ಗಂಗೆ ನೋಡಿಬರುತ್ತೇನೆಂದು ಘಾಟಿಗೆ ಹೊರಟರು. ಟ್ರಂಕು ತರಲು ಯಜಮಾನರನ್ನು ಮಠಕ್ಕೆ ಕಳಿಸಿದೆ. ಇಬ್ಬರೂ ಮರೆಯಾದ ಮೇಲೆ ಮೆಟ್ಟಿಲ ಕೆಳಗೆ ಬಗ್ಗಿ ಇಟ್ಟಿಗೆ ಸರಿಸಿದೆ. ಡಬ್ಬಿ ಅಲ್ಲೇ ಇತ್ತು. ಡೈರಿಯಲ್ಲಿ ನನ್ನ ಹೆಸರಿನ ಪಕ್ಕ ಕೆಂಪು ಪೆನ್ನಿನಲ್ಲಿ ಹತ್ತಕ್ಕೆ ಒಂಬತ್ತು ಎಂದಿತ್ತು. ಕೆಳಗೆ ದುಂಡಗಿನ ಅಕ್ಷರದಲ್ಲಿ ಷರಾ: "ಉತ್ತರ ಸರಿ. ತಡವಾಗಿ ಕೊಟ್ಟದ್ದಕ್ಕೆ ಒಂದು ಅಂಕ ಕಡಿತ."

ಇನ್ನೊಬ್ಬರು ಹಾಕಿದ ಅಂಕವನ್ನು ಮತ್ತೆ ಎಣಿಸದೆ ನಾನು ಯಾವತ್ತೂ ಬಿಟ್ಟವಳಲ್ಲ. ಅದೊಂದರ ಬಗ್ಗೆ ಮಾತ್ರ ಇವತ್ತಿನವರೆಗೂ ತಕರಾರು ಎತ್ತಿಲ್ಲ.